ಡಾಕ್ಸ್‌ಗೂ ಐಎಸ್‌ಒ ಮುದ್ರೆ, ಒಡಿಎಫ್‌ಗೂ ಐಎಸ್‌ಒ ಮುದ್ರೆ: ಹಾಗಾದರೆ ಜಗಳ ಯಾಕೆ?

ಪ್ರಶ್ನೆ: ಸಕಲೇಶಪುರ ತಾಲ್ಲೂಕಿನ ಒಂದು ಸಣ್ಣ ಕಾಫಿ ಬೆಳೆಗಾರರ ಸಂಘಕ್ಕೆ ನಾನು ಕಾರ್ಯದರ್ಶಿ. ಕಚೇರಿಯ ಹಳೇ ಕಂಪ್ಯೂಟರ್‌ಗೆ ದುಡ್ಡು ಕೊಟ್ಟು ವರ್ಡ್, ಎಕ್ಸೆಲ್ ಹಾಕಿಸೋದು ಬೇಡ ಅಂತ ಲಿಬ್ರೆಆಫೀಸ್ ಹಾಕಿಸಿಕೊಂಡೆವು. ನಡಾವಳಿ, ಪತ್ರ ಎಲ್ಲ ಒಡಿಟಿ ಫೈಲ್. ಮಳೆ ಲೆಕ್ಕ ಒಡಿಎಸ್ ಫೈಲ್. ಹಾಸನದ ಒಂದು ಕಚೇರಿಗೆ ಕಳಿಸಿದರೆ "ಓಪನ್ ಆಗ್ತಿಲ್ಲ, ವರ್ಡ್‌ನಲ್ಲಿ ಕಳಿಸಿ" ಅಂತಾರೆ. ವರ್ಡ್ ಮಾಡಿ ಕಳಿಸಿದರೆ ಪುಟವೆಲ್ಲ ಚೆಲ್ಲಾಪಿಲ್ಲಿ. ಅಣ್ಣನ ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. "ಡಾಕ್ಸ್ ಕೂಡ ಐಎಸ್‌ಒ ಮಾನದಂಡವೇ ಚಿಕ್ಕಪ್ಪ, ಸುಮ್ನೆ ಅದಕ್ಕೇ ಬಂದುಬಿಡಿ" ಅಂತಾನೆ. ಇನ್ನೊಬ್ಬರು ಆ ಮುದ್ರೆಯನ್ನು ಮೈಕ್ರೋಸಾಫ್ಟ್ ಕಂಪನಿ ಕೊಂಡುಕೊಂಡಿದ್ದು ಅಂತಾರೆ. ಯಾವುದು ನಿಜ? ನಾವೇನು ಮಾಡಬೇಕು?

ಉತ್ತರ: ನಿಮ್ಮ ಅಣ್ಣನ ಮಗ ಹೇಳಿದ್ದು ಸರಿ. ನಿಮ್ಮ ಒಡಿಟಿ, ಒಡಿಎಸ್ ಫೈಲ್‌ಗಳ ಮಾದರಿಯ ಹೆಸರು ಒಡಿಎಫ್. ಅದಕ್ಕೆ 2006ರಲ್ಲಿ ಐಎಸ್‌ಒ ಅನ್ನೋ ಅಂತರರಾಷ್ಟ್ರೀಯ ಮಾನದಂಡ ಸಂಸ್ಥೆಯಿಂದ 26300 ಅನ್ನೋ ನಂಬರ್ ಸಿಕ್ಕಿತು. ವರ್ಡ್, ಎಕ್ಸೆಲ್ ಬರೆಯುವ ಡಾಕ್ಸ್, ಎಕ್ಸ್‌ಎಲ್‌ಎಸ್‌ಎಕ್ಸ್ ಮಾದರಿಗೆ 2008ರಲ್ಲಿ 29500 ಅನ್ನೋ ನಂಬರ್ ಸಿಕ್ಕಿತು. ಇದರ ಪೂರ್ತಿ ಹೆಸರು ಆಫೀಸ್ ಓಪನ್ ಎಕ್ಸ್‌ಎಂಎಲ್. ಕಾಗದದ ಮೇಲೆ ಎರಡೂ ಸಮ. ಆದರೆ ಎರಡನೆಯದಕ್ಕೆ ನಂಬರ್ ಸಿಕ್ಕ ಕಥೆ ಕೇಳಿದರೆ, ಮುದ್ರೆ ಒಂದನ್ನೇ ನೋಡಿ ತೀರ್ಮಾನ ಮಾಡೋದು ಬೇಡ ಅನಿಸುತ್ತದೆ. "ಕೊಂಡುಕೊಂಡರು" ಅಂತ ನಾನು ಹೇಳೋದಿಲ್ಲ. ನಡೆದದ್ದು ಅದಕ್ಕಿಂತ ನಾಜೂಕಾದ ಕೆಲಸ. ಅದರಲ್ಲಿ ಬಹುಪಾಲು ನಿಯಮದ ಒಳಗೇ ನಡೆಯಿತು. ನನಗೆ ಬೇಜಾರಾಗೋದೂ ಅದಕ್ಕೇ.

ಒಡಿಎಫ್ ಹುಟ್ಟಿದ್ದು ಸನ್ ಮೈಕ್ರೋಸಿಸ್ಟಮ್ಸ್ ಕಂಪನಿಯ ಸ್ಟಾರ್‌ಆಫೀಸ್, ಓಪನ್‌ಆಫೀಸ್ ತಂತ್ರಾಂಶಗಳ ಫೈಲ್ ಮಾದರಿಯಿಂದ. ಓಯಸಿಸ್ ಅನ್ನೋ ಮಾನದಂಡ ಸಂಸ್ಥೆಯಲ್ಲಿ 2002ರಿಂದ ಒಂದು ಸಮಿತಿ ಕೂತು ಅದನ್ನು ತಿದ್ದಿತು. 2005ರ ಮೇ ತಿಂಗಳಲ್ಲಿ ಒಪ್ಪಿಗೆ ಸಿಕ್ಕಿತು. ಅದೇ ವರ್ಷ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯ ಸರ್ಕಾರ ಇನ್ನು ಮುಂದೆ ತನ್ನ ಕಡತಗಳು ಮುಕ್ತ ಮಾದರಿಯಲ್ಲೇ ಇರಬೇಕು ಅಂದಿತು. ಆ ಪಟ್ಟಿಯಲ್ಲಿ ಒಡಿಎಫ್ ಇತ್ತು, ವರ್ಡ್ ಇರಲಿಲ್ಲ. ಗದ್ದಲ ಶುರುವಾಗಿದ್ದು ಅಲ್ಲಿಂದ. ಆ ರಾಜ್ಯದ ಮಾಹಿತಿ ತಂತ್ರಜ್ಞಾನದ ಮುಖ್ಯಸ್ಥ ಪೀಟರ್ ಕ್ವಿನ್ ಅವರ ಪ್ರವಾಸದ ಖರ್ಚಿನ ಬಗ್ಗೆ ಪತ್ರಿಕೆಯಲ್ಲಿ ಬಂತು, ತನಿಖೆ ಆಯಿತು, ತಪ್ಪಿಲ್ಲ ಅಂತ ತೀರ್ಮಾನವೂ ಆಯಿತು. ಅಷ್ಟರಲ್ಲಿ ಸಾಕಾಗಿ ಅವರು ರಾಜೀನಾಮೆ ಕೊಟ್ಟರು. 2007ರಲ್ಲಿ ಅದೇ ರಾಜ್ಯ ಮೈಕ್ರೋಸಾಫ್ಟ್ ಮಾದರಿಯನ್ನೂ ಪಟ್ಟಿಗೆ ಸೇರಿಸಿಕೊಂಡಿತು.

ಒಂದು ರಾಜ್ಯ ಹೀಗೆ ಮಾಡಿದರೆ ನಾಳೆ ಹತ್ತು ದೇಶ ಮಾಡಬಹುದು. ಸರ್ಕಾರಗಳು "ಐಎಸ್‌ಒ ಇದ್ದರೆ ಮಾತ್ರ" ಅನ್ನೋಕೆ ಶುರು ಮಾಡಿದರೆ ಮೈಕ್ರೋಸಾಫ್ಟ್‌ಗೂ ಆ ಮುದ್ರೆ ಬೇಕೇ ಬೇಕು. ಹಾಗಾಗಿ ಕಂಪನಿ ತನ್ನ ಮಾದರಿಯನ್ನು 2005ರ ಕೊನೆಗೆ ಎಕ್ಮಾ ಅನ್ನೋ ಯುರೋಪಿನ ಮಾನದಂಡ ಸಂಸ್ಥೆಗೆ ಕೊಟ್ಟಿತು. ಒಂದೇ ವರ್ಷದಲ್ಲಿ, 2006ರ ಡಿಸೆಂಬರ್‌ಗೆ ಅಲ್ಲಿ ಪಾಸಾಯಿತು. ಬರೆದ ಪುಸ್ತಕ 6,000 ಪುಟ ದಾಟಿತ್ತು. ಒಡಿಎಫ್‌ನದು ಸುಮಾರು 700 ಪುಟ.

ಪುಟ ಜಾಸ್ತಿ ಇದ್ದರೆ ವಿವರ ಜಾಸ್ತಿ ಇರುತ್ತೆ, ಒಳ್ಳೇದೇ ಅಲ್ವಾ ಅಂತ ನೀವು ಕೇಳಬಹುದು. ವಿವರ ನಿಜವಾಗಲೂ ಇದ್ದಿದ್ದರೆ ಒಳ್ಳೆಯದೇ. ಆದರೆ ಅದರಲ್ಲಿ "ಆಟೋಸ್ಪೇಸ್‌ಲೈಕ್‌ವರ್ಡ್95" ಅನ್ನೋ ಥರದ ಗುರುತುಗಳಿದ್ದವು. ಅಂದರೆ ಅಕ್ಷರಗಳ ನಡುವೆ ಜಾಗ ಬಿಡೋವಾಗ ವರ್ಡ್ 95 ಹೇಗೆ ಬಿಡುತ್ತಿತ್ತೋ ಹಾಗೆ ಬಿಡಿ. ವರ್ಡ್ 95 ಹೇಗೆ ಬಿಡುತ್ತಿತ್ತು? ಅದನ್ನು ಮೊದಲ ಕರಡು ಹೇಳಲಿಲ್ಲ. ಆ ತಂತ್ರಾಂಶವನ್ನೇ ಅನುಕರಿಸಬೇಕು, ಬರೆದು ಮುಗಿಸೋಕೆ ಆಗುವಂಥದ್ದಲ್ಲ ಅನ್ನೋ ಧಾಟಿಯಲ್ಲಿ ಬಿಟ್ಟುಬಿಟ್ಟಿತ್ತು. ಮಾನದಂಡ ಅಂದಮೇಲೆ ಅದನ್ನು ಓದಿ ಹೊರಗಿನವನೊಬ್ಬ ತಂತ್ರಾಂಶ ಕಟ್ಟುವ ಹಾಗಿರಬೇಕು. ವರ್ಡ್ 95ರ ಒಳಗುಟ್ಟು ಗೊತ್ತಿದ್ದವರು ಒಂದೇ ಕಂಪನಿಯವರು.

ಇನ್ನೊಂದನ್ನು ನೀವೇ ನೋಡಬಹುದು. ಎಕ್ಸೆಲ್ ಇರುವ ಯಾರದಾದರೂ ಕಂಪ್ಯೂಟರ್‌ನಲ್ಲಿ ಒಂದು ಖಾಲಿ ಕೋಶಕ್ಕೆ 60 ಅಂತ ಹೊಡೆಯಿರಿ. ಆ ಕೋಶದ ಫಾರ್ಮ್ಯಾಟ್ ಅನ್ನು ದಿನಾಂಕ ಅಂತ ಬದಲಿಸಿ. 1900ರ ಫೆಬ್ರವರಿ 29 ಅಂತ ತೋರಿಸುತ್ತದೆ. ಅಂಥ ದಿನ ಇರಲೇ ಇಲ್ಲ. 1900 ಅಧಿಕ ವರ್ಷವಲ್ಲ. ನೂರರಿಂದ ಭಾಗವಾಗುವ ವರ್ಷ 400ರಿಂದಲೂ ಭಾಗವಾಗಬೇಕು, ಇದು ಆಗೋದಿಲ್ಲ. ಅದೇ 60 ಅನ್ನು ನಿಮ್ಮ ಲಿಬ್ರೆಆಫೀಸ್‌ನಲ್ಲಿ ಮಾಡಿದರೆ ಫೆಬ್ರವರಿ 28 ಬರುತ್ತದೆ. ಈ ತಪ್ಪು ಮೂಲದಲ್ಲಿ ಲೋಟಸ್ 1-2-3 ಅನ್ನೋ ಹಳೇ ತಂತ್ರಾಂಶದ್ದು. ಅದರ ಫೈಲ್‌ಗಳ ಜೊತೆ ಹೊಂದಿಕೊಳ್ಳಲಿ ಅಂತ ಎಕ್ಸೆಲ್ ಬೇಕೆಂದೇ ಅದನ್ನು ಉಳಿಸಿಕೊಂಡಿತು. ವ್ಯಾಪಾರದ ದೃಷ್ಟಿಯಿಂದ ಅದು ಸರಿಯೇ. ಆದರೆ ಇಲ್ಲದ ದಿನವನ್ನು ಇದೆ ಅಂತ ಲೆಕ್ಕ ಹಾಕಬೇಕು ಎಂದು ಅಂತರರಾಷ್ಟ್ರೀಯ ಮಾನದಂಡದ ಕರಡಿನಲ್ಲಿ ಬರೆದು ಮುಂದಿಟ್ಟಾಗ ಜನ ನಕ್ಕರು, ಆಮೇಲೆ ಸಿಟ್ಟಾದರು. ನಿಮ್ಮ ಮಳೆ ಲೆಕ್ಕಕ್ಕೆ ಇದರಿಂದ ತೊಂದರೆ ಇಲ್ಲ. 1900ರ ಮಾರ್ಚ್ 1ರಿಂದ ಈಚೆಗೆ ಎರಡೂ ಒಂದೇ ದಿನ ತೋರಿಸುತ್ತವೆ. ಹಳೇ ಎಸ್ಟೇಟಿನ ಯಾರಾದರೂ ಅದಕ್ಕೂ ಹಿಂದಿನ ಮಳೆ ಪುಸ್ತಕ ತಂದುಕೊಟ್ಟರೆ ಮಾತ್ರ ಎಚ್ಚರ ಬೇಕು. 1900ಕ್ಕಿಂತ ಹಿಂದಿನ ದಿನಾಂಕವನ್ನು ಎಕ್ಸೆಲ್ ದಿನಾಂಕ ಅಂತಲೇ ಒಪ್ಪೋದಿಲ್ಲ.

ಈಗ ಮತದಾನದ ವಿಷಯಕ್ಕೆ ಬರೋಣ. ಐಎಸ್‌ಒದಲ್ಲಿ "ಫಾಸ್ಟ್ ಟ್ರ್ಯಾಕ್" ಅನ್ನೋ ದಾರಿ ಇದೆ. ಬೇರೆ ಕಡೆ ಈಗಾಗಲೇ ಪಳಗಿದ ಮಾನದಂಡವನ್ನು ಬೇಗ ಒಪ್ಪಿಕೊಳ್ಳೋಕೆ ಮಾಡಿದ ದಾರಿ ಅದು. ಈ 6,000 ಪುಟವನ್ನೂ ಅದರಲ್ಲೇ ಬಿಟ್ಟರು. ದೇಶಗಳಿಗೆ ಓದಿ ಮತ ಹಾಕೋಕೆ ಸಿಕ್ಕಿದ್ದು ಐದು ತಿಂಗಳು. ಒಂದೊಂದು ದೇಶದಲ್ಲೂ ಒಂದು ಮಾನದಂಡ ಸಂಸ್ಥೆ ಇರುತ್ತದೆ. ನಮ್ಮಲ್ಲಿ ಭಾರತೀಯ ಮಾನಕ ಬ್ಯೂರೋ, ಅದೇ ಹಾಲ್‌ಮಾರ್ಕ್, ಐಎಸ್‌ಐ ಮುದ್ರೆ ಕೊಡುವವರು. ಆ ಸಂಸ್ಥೆಯ ತಾಂತ್ರಿಕ ಸಮಿತಿ ಕೂತು ದೇಶದ ಮತ ಏನು ಅಂತ ನಿರ್ಧಾರ ಮಾಡುತ್ತದೆ. ಕಂಪನಿಯ ಕೈಯಾಡೋಕೆ ಜಾಗ ಇದ್ದದ್ದು ಆ ಸಮಿತಿಗಳಲ್ಲಿ.

ಸ್ವೀಡನ್‌ನಲ್ಲಿ 2007ರ ಆಗಸ್ಟ್‌ನಲ್ಲಿ ಆಗಿದ್ದನ್ನು ಕೇಳಿ. ಅಲ್ಲಿ ಶುಲ್ಕ ಕಟ್ಟಿದ ಕಂಪನಿ ಸಮಿತಿಗೆ ಸೇರಿ ಮತ ಹಾಕಬಹುದಿತ್ತು. ಕೊನೇ ಗಳಿಗೆಯಲ್ಲಿ 20ಕ್ಕೂ ಹೆಚ್ಚು ಹೊಸ ಕಂಪನಿಗಳು ಶುಲ್ಕ ಕಟ್ಟಿ ಒಳಗೆ ಬಂದವು. ಅವುಗಳಲ್ಲಿ ಬಹುಪಾಲು ಮೈಕ್ರೋಸಾಫ್ಟ್‌ನ ವ್ಯಾಪಾರ ಪಾಲುದಾರರು. ಮತ "ಹೌದು" ಕಡೆಗೆ ವಾಲಿತು. ನಮ್ಮ ಕಡೆ ಸೊಸೈಟಿ ಚುನಾವಣೆಗೆ ಮುಂಚೆ ರಾತ್ರೋರಾತ್ರಿ ಷೇರು ಕಟ್ಟಿಸಿ ಹೊಸ ಸದಸ್ಯರನ್ನು ಮಾಡಿಸೋದನ್ನು ನೀವು ನೋಡಿರುತ್ತೀರಿ, ಥೇಟ್ ಅದೇ. ಆಮೇಲೆ ಮೈಕ್ರೋಸಾಫ್ಟ್‌ನ ಒಬ್ಬ ನೌಕರ ಪಾಲುದಾರರಿಗೆ ಬರೆದ ಇಮೇಲ್ ಹೊರಬಿತ್ತು. ಸಮಿತಿ ಸೇರಿ ಬೆಂಬಲಿಸಿದರೆ ಮಾರುಕಟ್ಟೆ ಪ್ರಚಾರಕ್ಕೆ ನೆರವು ಸಿಗುತ್ತದೆ ಅನ್ನೋ ಅರ್ಥದ ಇಮೇಲ್ ಅದು. ಇಮೇಲ್ ಹೋಗಿದ್ದು ನಿಜ, ಅದು ನಮ್ಮ ನೀತಿಗೆ ವಿರುದ್ಧ ಅಂತ ಕಂಪನಿ ಒಪ್ಪಿಕೊಂಡಿತು. ಸ್ವೀಡನ್ ಸಂಸ್ಥೆ ಆ ಮತವನ್ನು ರದ್ದು ಮಾಡಿತು. ಆದರೆ ರದ್ದು ಮಾಡಲು ಕೊಟ್ಟ ಕಾರಣ ಆ ಇಮೇಲ್ ಅಲ್ಲ, ಒಬ್ಬ ಸದಸ್ಯ ಒಂದಕ್ಕಿಂತ ಹೆಚ್ಚು ಮತ ಹಾಕಿದ್ದ ಅನ್ನೋದು! ಕೊನೇ ದಿನ ಬಂದು ಸೇರಿ ಕೈ ಎತ್ತಿದ್ದರಲ್ಲಿ ನಿಯಮ ಮುರಿದಿರಲಿಲ್ಲ. ಮತ್ತೆ ಸಭೆ ಕರೆಯೋಕೆ ಸಮಯ ಇರಲಿಲ್ಲ, ಸ್ವೀಡನ್ ತಟಸ್ಥವಾಗಿ ಉಳಿಯಿತು.

ಅಂತರರಾಷ್ಟ್ರೀಯ ಮಟ್ಟದಲ್ಲೂ ಮತದಾನದ ಮುಂಚೆ ಹಲವು ದೇಶಗಳು ಇದ್ದಕ್ಕಿದ್ದಂತೆ ಪೂರ್ಣ ಸದಸ್ಯತ್ವಕ್ಕೆ ಬಡ್ತಿ ಪಡೆದವು. ಆದರೂ 2007ರ ಸೆಪ್ಟೆಂಬರ್ ಮತದಾನದಲ್ಲಿ ಪ್ರಸ್ತಾಪ ಬಿದ್ದುಹೋಯಿತು. ಪೂರ್ಣ ಸದಸ್ಯರಲ್ಲಿ ಮೂರರಲ್ಲಿ ಎರಡು ಪಾಲು "ಹೌದು" ಬೇಕಿತ್ತು, 53 ಶೇಕಡಾ ಬಂತು. ಒಟ್ಟು ವಿರೋಧ 25 ಶೇಕಡಾ ದಾಟಬಾರದಿತ್ತು, 26 ಆಯಿತು. ಜೊತೆಗೆ 3,522 ಆಕ್ಷೇಪಗಳು ಬಂದವು. ಅವನ್ನು ಬಗೆಹರಿಸೋಕೆ 2008ರ ಫೆಬ್ರವರಿಯಲ್ಲಿ ಜಿನೀವಾದಲ್ಲಿ ಸಭೆ. ಎಷ್ಟು ದಿನ? ಐದು. ಒಂದು ಸಾವಿರಕ್ಕೂ ಹೆಚ್ಚು ತಿದ್ದುಪಡಿ ಮುಂದಿತ್ತು. ಕೂತು ಚರ್ಚಿಸೋಕೆ ಆದದ್ದು ಕೆಲವನ್ನು ಮಾತ್ರ. ಉಳಿದವನ್ನು ಚೀಟಿಯಲ್ಲಿ ಒಟ್ಟಾಗಿ ಮತಕ್ಕೆ ಹಾಕಿ ಮುಗಿಸಿದರು. ನಿಮ್ಮ ವಾರ್ಷಿಕ ಸಭೆಯಲ್ಲಿ ಯಾರಾದರೂ ಲೆಕ್ಕಪತ್ರ ಹೀಗೆ ಪಾಸ್ ಮಾಡಿಸಿದರೆ ಸದಸ್ಯರು ಬಿಡುತ್ತಾರಾ?

ಮಾರ್ಚ್ ಕೊನೆಗೆ ಹಲವು ದೇಶ ಮತ ಬದಲಿಸಿದವು. ಈ ಸಲ ಪೂರ್ಣ ಸದಸ್ಯರಲ್ಲಿ 75 ಶೇಕಡಾ ಹೌದು, ಒಟ್ಟು ವಿರೋಧ 14 ಶೇಕಡಾ. ಪಾಸ್. ಅದರಲ್ಲಿ ನಾರ್ವೆಯ ಮತ ತುಂಬ ಕೆಟ್ಟದಾಗಿ ನಡೆದದ್ದು. ತಾಂತ್ರಿಕ ಸಮಿತಿಯಲ್ಲಿ ಬಹುಪಾಲು ಜನ ಬೇಡ ಅಂದರು, ಸಂಸ್ಥೆಯ ಆಡಳಿತದವರು ಹೌದು ಅಂತ ಕಳಿಸಿದರು. ಕೆಲವು ತಿಂಗಳ ನಂತರ ಆ ಸಮಿತಿಯ 23 ಸದಸ್ಯರಲ್ಲಿ 13 ಮಂದಿ ಪ್ರತಿಭಟಿಸಿ ಹೊರನಡೆದರು.

ಭಾರತ ಏನು ಮಾಡಿತು? ಎರಡೂ ಸಲ ಬೇಡ ಅಂತ ಮತ ಹಾಕಿತು. ಪಾಸಾದ ಮೇಲೆ ಬ್ರೆಜಿಲ್, ದಕ್ಷಿಣ ಆಫ್ರಿಕಾ, ವೆನೆಜುವೆಲಾ ಜೊತೆ ಸೇರಿ ಮೇಲ್ಮನವಿಯನ್ನೂ ಹಾಕಿತು. ಆಗಸ್ಟ್‌ನಲ್ಲಿ ಮೇಲ್ಮನವಿಗಳು ತಿರಸ್ಕೃತವಾದವು. ನಮ್ಮ ಬ್ಯೂರೋ ಸಮಿತಿಯವರು ಅಷ್ಟು ಒತ್ತಡದ ನಡುವೆ ಗಟ್ಟಿಯಾಗಿ ನಿಂತಿದ್ದು ನಮ್ಮಲ್ಲಿ ಹೆಚ್ಚು ಜನಕ್ಕೆ ಗೊತ್ತೇ ಇಲ್ಲ.

ಹಾಗಂತ ಒಡಿಎಫ್ ಕಡೆಯವರೆಲ್ಲ ಸಾಧುಗಳು ಅಂತ ತಿಳಿಯಬೇಡಿ. ಸನ್, ಐಬಿಎಂ ಎರಡೂ ಒಡಿಎಫ್ ಹಿಂದೆ ಇದ್ದದ್ದು ಮುಕ್ತ ಜ್ಞಾನದ ಮೇಲಿನ ಪ್ರೀತಿ ಒಂದರಿಂದಲೇ ಅಲ್ಲ. ಮೈಕ್ರೋಸಾಫ್ಟ್‌ನ ಆಫೀಸ್ ವ್ಯಾಪಾರಕ್ಕೆ ಪೆಟ್ಟು ಕೊಟ್ಟರೆ ಇವರಿಗೆ ಲಾಭ. ಐಬಿಎಂ ದೇಶ ದೇಶಗಳಲ್ಲಿ "ಬೇಡ" ಮತಕ್ಕಾಗಿ ಜೋರಾಗಿಯೇ ಓಡಾಡಿತು. ಒಡಿಎಫ್‌ನ ಮೊದಲ ಆವೃತ್ತಿಗಳಲ್ಲಿ ದೊಡ್ಡ ತೂತೂ ಇತ್ತು. ಲೆಕ್ಕದ ಹಾಳೆಯ ಸೂತ್ರಗಳನ್ನು ಹೇಗೆ ಬರೆಯಬೇಕು ಅಂತಲೇ ಅದರಲ್ಲಿ ಹೇಳಿರಲಿಲ್ಲ. ಅದು ಸೇರಿದ್ದು 2011ರ 1.2 ಆವೃತ್ತಿಯಲ್ಲಿ. ನಡುವೆ 2009ರಲ್ಲಿ ಎಕ್ಸೆಲ್‌ಗೆ ಒಡಿಎಸ್ ತೆರೆಯುವ ಶಕ್ತಿ ಬಂದಾಗ, ಓಪನ್‌ಆಫೀಸ್‌ನಲ್ಲಿ ಮಾಡಿದ ಹಾಳೆಗಳ ಸೂತ್ರಗಳು ಮಾಯವಾಗಿ ಬರೀ ಉತ್ತರಗಳು ಉಳಿಯುತ್ತಿದ್ದವು. ಮೈಕ್ರೋಸಾಫ್ಟ್ ಬೇಕೆಂದೇ ಮಾಡಿತು ಅಂತ ಇವರು, ನಿಮ್ಮ ಮಾನದಂಡದಲ್ಲೇ ಬರೆದಿಲ್ಲವಲ್ಲ ಅಂತ ಅವರು. ಇಬ್ಬರ ಮಾತಿನಲ್ಲೂ ಸತ್ಯ ಇತ್ತು.

ಹಾಗಾದರೆ ವ್ಯತ್ಯಾಸ ಎಲ್ಲಿದೆ? ನನ್ನ ಲೆಕ್ಕದಲ್ಲಿ ಇಲ್ಲಿದೆ. ಒಡಿಎಫ್ ಒಂದು ಕಂಪನಿಯ ಮಾದರಿಯಿಂದ ಶುರುವಾದರೂ, ಸಮಿತಿಯಲ್ಲಿ ಬೇರೆ ಬೇರೆ ತಂತ್ರಾಂಶದವರು ಕೂತು ಅದನ್ನು ತಮಗೂ ಆಗುವ ಹಾಗೆ ಬದಲಿಸಿದರು. ಚಿತ್ರಕ್ಕೆ, ಗಣಿತದ ಸಮೀಕರಣಕ್ಕೆ ಮೊದಲೇ ಇದ್ದ ಮುಕ್ತ ಮಾದರಿಗಳನ್ನೇ ತೆಗೆದುಕೊಂಡರು. ಸನ್ ಕಂಪನಿಯನ್ನು 2010ರಲ್ಲಿ ಒರಾಕಲ್ ನುಂಗಿತು. ಓಪನ್‌ಆಫೀಸ್‌ನ ಬಹಳ ಜನ ಹೊರಬಂದು ನಿಮ್ಮ ಲಿಬ್ರೆಆಫೀಸ್ ಶುರು ಮಾಡಿದರು. ಒಡಿಎಫ್‌ಗೆ ಏನೂ ಆಗಲಿಲ್ಲ. ಡಾಕ್ಸ್ ಹಾಗಲ್ಲ. ಅದು ಈಗಾಗಲೇ ಇದ್ದ ಒಂದು ತಂತ್ರಾಂಶ ಹೇಗೆ ನಡೆದುಕೊಳ್ಳುತ್ತದೆ ಅನ್ನೋದರ ವರದಿ. ವರ್ಡ್ ಬದಲಾದರೆ ವರದಿ ಅದರ ಹಿಂದೆ ಓಡಬೇಕು.

ಜಿನೀವಾ ಸಭೆಯಿಂದ ಒಂದು ಒಳ್ಳೇ ಕೆಲಸವೂ ಆಯಿತು. ಮಾನದಂಡವನ್ನು ಎರಡು ಮಾಡಿದರು. ಹಳೇ ಕಸವೆಲ್ಲ ಇರುವ "ಟ್ರಾನ್ಸಿಷನಲ್" ಒಂದು. ಅದು ಹಳೇ ಫೈಲ್‌ಗಳಿಗೆ ಮಾತ್ರ ಅನ್ನೋದು ಮಾತು. ಶುದ್ಧ ಮಾಡಿದ "ಸ್ಟ್ರಿಕ್ಟ್" ಇನ್ನೊಂದು, ಹೊಸದಕ್ಕೆ. ಆಮೇಲೇನಾಯಿತು? 2010ರ ಆಫೀಸ್ ಸ್ಟ್ರಿಕ್ಟ್ ಫೈಲನ್ನು ಓದುತ್ತಿತ್ತು, ಬರೆಯುತ್ತಿರಲಿಲ್ಲ. 2013ರಲ್ಲಿ ಬರೆಯುವ ಸೌಲಭ್ಯ ಬಂತು. ಆದರೆ ಇವತ್ತಿಗೂ ವರ್ಡ್‌ನಲ್ಲಿ ಸುಮ್ನೆ ಸೇವ್ ಒತ್ತಿದರೆ ಬರುವುದು ಟ್ರಾನ್ಸಿಷನಲ್. ಸ್ಟ್ರಿಕ್ಟ್ ಬೇಕಾದರೆ ಸೇವ್ ಆಸ್‌ಗೆ ಹೋಗಿ ಪಟ್ಟಿಯಲ್ಲಿ ಹುಡುಕಬೇಕು. ನಿಮ್ಮ ಅಣ್ಣನ ಮಗನಿಗೆ ಕೇಳಿ ನೋಡಿ, ಅವನ ಆಫೀಸಿನಲ್ಲಿ ಯಾರಾದರೂ ಅದನ್ನು ಆರಿಸಿದ್ದು ನೋಡಿದ್ದಾನಾ ಅಂತ.

ಇಷ್ಟೆಲ್ಲ ಹೇಳಿದ ಮೇಲೆ ನಿಮ್ಮ ಕಷ್ಟಕ್ಕೆ ಬರುತ್ತೇನೆ. ಪುಟ ಚೆಲ್ಲಾಪಿಲ್ಲಿಯಾಗೋಕೆ ಎಷ್ಟೋ ಸಲ ಕಾರಣ ಫೈಲ್ ಮಾದರಿ ಅಲ್ಲ, ಫಾಂಟ್. ನಿಮ್ಮ ಕಂಪ್ಯೂಟರ್‌ನಲ್ಲಿ ಇರುವ ಫಾಂಟ್ ಅವರ ಹತ್ತಿರ ಇಲ್ಲದಿದ್ದರೆ ಬೇರೆಯದು ಬಂದು ಕೂರುತ್ತದೆ. ಅದರ ಅಕ್ಷರ ಒಂದು ಕೂದಲೆಳೆ ಅಗಲ ಇದ್ದರೂ ಸಾಲು ಮುರಿಯುವ ಜಾಗ ಬದಲಾಗುತ್ತದೆ. ಮೂರು ಸಾಲು ಕೆಳಗೆ ಜಾರಿತು ಅಂದರೆ ಸಹಿ ಹಾಕುವ ಜಾಗ ಮುಂದಿನ ಪುಟಕ್ಕೆ ಹೋಗುತ್ತದೆ. ಕನ್ನಡದಲ್ಲಿ ಒತ್ತಕ್ಷರ ಇರೋದರಿಂದ ಸಾಲಿನ ಎತ್ತರವೂ ಬದಲಾಗುತ್ತದೆ. ಎರಡೂ ಕಡೆ ಒಂದೇ ಯೂನಿಕೋಡ್ ಫಾಂಟ್ ಹಾಕಿಸಿ. ಯೂನಿಕೋಡ್ ಅಂದರೆ ಕನ್ನಡ ಅಕ್ಷರವನ್ನು ಕನ್ನಡ ಅಕ್ಷರ ಅಂತಲೇ ಫೈಲ್‌ನಲ್ಲಿ ಇಡುವ ವ್ಯವಸ್ಥೆ. ನೋಟೋ ಸಾನ್ಸ್ ಕನ್ನಡ ಉಚಿತ, ಯಾವ ಕಂಪ್ಯೂಟರ್‌ಗೂ ಆಗುತ್ತದೆ. ಮತ್ತೆ, ಜಾಗ ಬಿಡೋಕೆ ಸ್ಪೇಸ್ ಬಾರ್ ಒತ್ತಿ ಒತ್ತಿ ಸರಿಸುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ, ಟ್ಯಾಬ್ ಅಥವಾ ಟೇಬಲ್ ಬಳಸಿ.

ಅದಕ್ಕಿಂತ ದೊಡ್ಡ ಅಪಾಯ ನೀವು ಕೇಳದೇ ಇರುವ ಕಡೆ ಇದೆ. ಸಂಘದ ಹಳೇ ನಡಾವಳಿಗಳು ನುಡಿ ಅಥವಾ ಬರಹ ತಂತ್ರಾಂಶದ ಹಳೇ ಫಾಂಟ್‌ನಲ್ಲಿ ಇವೆಯಾ ನೋಡಿ. ಆ ಕಾಲದ ನುಡಿಯಲ್ಲಿ "ಹಾಸನ" ಅಂತ ಟೈಪ್ ಮಾಡಿದರೆ ಫೈಲ್ ಒಳಗೆ ಕೂರುತ್ತಿದ್ದದ್ದು ಕನ್ನಡ ಅಕ್ಷರ ಅಲ್ಲ. ಪೌಂಡ್ ಚಿಹ್ನೆ, ತಲೆ ಮೇಲೆ ಓರೆ ಗೀಟು ಇರುವ ಇಂಗ್ಲಿಷಿನ ಎ, ಇಂಥವು. ನುಡಿ ಫಾಂಟ್ ಅವುಗಳ ಮೇಲೆ ಕನ್ನಡದ ಆಕಾರ ಹೊದಿಸಿ ತೋರಿಸುತ್ತಿತ್ತು. ಫಾಂಟ್ ಹೋದರೆ ಕನ್ನಡವೂ ಹೋಯಿತು. ಇಂಥ ಫೈಲನ್ನು ಡಾಕ್ಸ್ ಮಾಡಿ, ಒಡಿಟಿ ಮಾಡಿ, ಯಾವ ಐಎಸ್‌ಒ ನಂಬರ್ ಬೇಕಾದರೂ ಅಂಟಿಸಿ, ಒಳಗಿರೋದು ಪೌಂಡ್ ಚಿಹ್ನೆಯೇ. ಹುಡುಕಿದರೆ ಒಂದು ಹೆಸರೂ ಸಿಗೋದಿಲ್ಲ. ಇವನ್ನು ಯೂನಿಕೋಡ್‌ಗೆ ಬದಲಿಸುವ ಉಚಿತ ಪರಿವರ್ತಕಗಳು ಇವೆ. ಬದಲಿಸಿದ ಮೇಲೆ ಅರ್ಕಾವತ್ತು, ಒತ್ತಕ್ಷರ, ಅಂಕಿಗಳನ್ನು ಒಮ್ಮೆ ಕಣ್ಣಾಡಿಸಿ. ಹಣದ ಮೊತ್ತ ಇರುವ ನಿರ್ಣಯಗಳನ್ನಂತೂ ಮೂಲದ ಜೊತೆ ಇಟ್ಟು ಓದಿ.

ಮುಂದಕ್ಕೆ ಹೀಗೆ ಮಾಡಿ. ಮೂಲ ಪ್ರತಿ ಒಡಿಟಿಯಲ್ಲೇ ಇರಲಿ. ಅದಕ್ಕೆ ಧೈರ್ಯವಾಗಿ ಕಾರಣ ಕೊಡಬಹುದು. ಕೇಂದ್ರ ಸರ್ಕಾರ 2010ರಲ್ಲೇ ಇ-ಆಡಳಿತಕ್ಕೆ ಮುಕ್ತ ಮಾನದಂಡ ನೀತಿ ತಂದಿದೆ. ಬ್ರಿಟನ್ ಸರ್ಕಾರ 2014ರಲ್ಲಿ ತಿದ್ದಬೇಕಾದ ಕಡತಗಳಿಗೆ ಒಡಿಎಫ್ ಆರಿಸಿಕೊಂಡಿತು. ಜರ್ಮನಿಯ ಶ್ಲೆಸ್ವಿಗ್-ಹೋಲ್‌ಸ್ಟೈನ್ ರಾಜ್ಯ ತನ್ನ ಸುಮಾರು 30,000 ಕಂಪ್ಯೂಟರ್‌ಗಳನ್ನು ಲಿಬ್ರೆಆಫೀಸ್‌ಗೆ ಬದಲಿಸುವುದಾಗಿ 2024ರಲ್ಲಿ ಹೇಳಿತು. ನೀವು ಮಾಡಿದ್ದು ಹುಚ್ಚು ಕೆಲಸ ಏನಲ್ಲ.

ಹಾಸನದ ಕಚೇರಿಗೆ ಓದೋಕೆ ಮಾತ್ರ ಕಳಿಸೋದಾದರೆ ಪಿಡಿಎಫ್ ಕಳಿಸಿ. ಲಿಬ್ರೆಆಫೀಸ್‌ನಲ್ಲಿ ಎಕ್ಸ್‌ಪೋರ್ಟ್ ಮಾಡೋವಾಗ "ಪಿಡಿಎಫ್/ಎ" ಅನ್ನೋ ಆಯ್ಕೆ ಇದೆ, ಅದನ್ನು ಗುರುತು ಹಾಕಿ, ಫಾಂಟ್ ಫೈಲ್ ಒಳಗೇ ಸೇರುತ್ತದೆ. ಅವರು ತಿದ್ದಬೇಕು ಅಂದರೆ ಜಗಳ ಬೇಡ, ಡಾಕ್ಸ್ ಪ್ರತಿ ಮಾಡಿ ಕೊಡಿ. ಮೂಲ ನಿಮ್ಮ ಹತ್ತಿರ ಇರುತ್ತದಲ್ಲ. "ಓಪನ್ ಆಗ್ತಿಲ್ಲ" ಅಂದವರಿಗೆ ಫೋನಿನಲ್ಲಿ ಒಂದು ಮಾತು ಹೇಳಿ ನೋಡಿ: ಫೈಲ್ ಮೇಲೆ ರೈಟ್ ಕ್ಲಿಕ್, ಓಪನ್ ವಿತ್, ವರ್ಡ್. 2009ರಿಂದ ವರ್ಡ್ ಒಡಿಟಿ ತೆರೆಯುತ್ತದೆ. ಎಷ್ಟೋ ಕಡೆ ತೊಂದರೆ ಇರೋದು ಡಬಲ್ ಕ್ಲಿಕ್ ಮಾಡಿದಾಗ ಯಾವ ತಂತ್ರಾಂಶ ಅಂತ ಕಂಪ್ಯೂಟರ್‌ಗೆ ಗೊತ್ತಾಗದೇ ಇರೋದರಲ್ಲಿ ಅಷ್ಟೇ.

ಮಳೆ ಲೆಕ್ಕಕ್ಕೆ ಒಡಿಎಸ್ ಜೊತೆ ವರ್ಷಕ್ಕೊಮ್ಮೆ ಸಿಎಸ್‌ವಿ ಪ್ರತಿಯನ್ನೂ ಇಡಿ. ಅದು ಬರೀ ಅಕ್ಷರ, ಅಂಕಿ, ನಡುವೆ ಅಲ್ಪವಿರಾಮ. ಬಣ್ಣ, ಸೂತ್ರ ಏನೂ ಇರೋದಿಲ್ಲ. ಪೆನ್‌ಡ್ರೈವ್‌ನಲ್ಲಿ ಒಂದು, ಅಣ್ಣನ ಮಗನ ಹತ್ತಿರ ಒಂದು ಇರಲಿ. ಸೇವ್ ಮಾಡೋವಾಗ ಅಕ್ಷರಮಾದರಿ ಯಾವುದು ಅಂತ ಕೇಳುತ್ತದೆ, ಯುಟಿಎಫ್-8 ಆರಿಸಿ. ಇಲ್ಲದಿದ್ದರೆ ತೋಟದ ಕನ್ನಡ ಹೆಸರುಗಳೆಲ್ಲ ಪ್ರಶ್ನೆ ಚಿಹ್ನೆಗಳಾಗಿಬಿಡುತ್ತವೆ.